ಐದಡಿ ಜಾಗ, ಎರಡು ಆಸೆ: ಇನ್ನೊಂದು ಟಾಯ್ಲೆಟ್ಟಾ, ಬಟ್ಟೆ ಒಗೆಯುವ ಕೋಣೆಯಾ?

ಮನೆ ರಿಪೇರಿಗೆ ಕೈ ಹಾಕಿದವರಿಗೆಲ್ಲ ಎಲ್ಲೋ ಒಂದು ಮೂಲೆ ಸಿಗುತ್ತದೆ. ಮೆಟ್ಟಿಲ ಕೆಳಗಿನ ಜಾಗ, ಯಾರೂ ಬಾಗಿಲು ತೆಗೆಯದ ಸ್ಟೋರ್ ರೂಮ್, ಅಡುಗೆಮನೆ ಪಕ್ಕದ ಇಕ್ಕಟ್ಟು ಓಣಿ. ಅಗಲ ಐದಡಿ, ಉದ್ದ ಆರೇಳು ಅಡಿ. ಅಷ್ಟು ಜಾಗ ಕಂಡಿದ್ದೇ ತಡ, ಮನೆಯಲ್ಲಿ ಎರಡು ಪಕ್ಷ ಆಗುತ್ತದೆ. ಒಂದು ಪಕ್ಷಕ್ಕೆ ಅಲ್ಲಿ ಪುಟ್ಟ ಟಾಯ್ಲೆಟ್ ಬೇಕು. ಒಂದು ಕಮೋಡು, ಒಂದು ಬೇಸಿನ್, ಅಷ್ಟೇ. ಸ್ನಾನದ ವ್ಯವಸ್ಥೆ ಇಲ್ಲ. ‘ಹಾಫ್ ಬಾತ್’ ಅನ್ನುವುದು ಇದಕ್ಕೇ. ಇನ್ನೊಂದು ಪಕ್ಷಕ್ಕೆ ಹೊರಗಿರುವ ವಾಷಿಂಗ್ ಮಷಿನ್ ಮನೆಯೊಳಗೆ ಬರಬೇಕು.

ನಮ್ಮ ಮನೆಯಲ್ಲೂ ಇದೇ ಜಗಳ ಎರಡು ತಿಂಗಳು ನಡೆಯಿತು. ಐದು ಜನ, ಒಂದೇ ಬಾತ್‌ರೂಮ್. ಮಷಿನ್ ಹಿತ್ತಲಿನ ಶೆಡ್ಡಿನಲ್ಲಿ, ಹನ್ನೊಂದು ಮೆಟ್ಟಿಲು ಇಳಿದು ಹೋಗಬೇಕು. ನಾನು ಮಷಿನ್ ಪಕ್ಷ. ಒದ್ದೆ ಬೆಡ್‌ಶೀಟು ತುಂಬಿದ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಮೆಟ್ಟಿಲು ಹತ್ತುವವಳು ನಾನೇ ಅಲ್ವಾ! ಕೊನೆಗೆ ಗೆದ್ದಿದ್ದು ಟಾಯ್ಲೆಟ್. ಸೋತೆ ಅಂತ ಬೇಜಾರಿಲ್ಲ. ಯಾಕೆ ಅಂತ ಹೇಳುತ್ತೇನೆ. ನನ್ನ ಅಕ್ಕನ ಮನೆಯಲ್ಲಿ ಇದೇ ಪ್ರಶ್ನೆಗೆ ಉತ್ತರ ಉಲ್ಟಾ ಬಂತು, ಅವಳದ್ದೂ ಸರಿಯೇ. ಅದನ್ನೂ ಹೇಳುತ್ತೇನೆ.

ಮೊದಲು ಮಷಿನ್‌ಗೆ ಬೇರೆ ಮೂಲೆ ಹುಡುಕಿ

ಎಲ್ಲರೂ ಕೇಳಿಕೊಳ್ಳುವ ಪ್ರಶ್ನೆ ‘ಯಾವುದು ಜಾಸ್ತಿ ಬೇಕು?’ ಅನ್ನುವುದು. ಎರಡೂ ಬೇಕು ಅಂತ ತಾನೇ ಜಗಳ ಶುರುವಾಗಿದ್ದು. ಹಾಗಾಗಿ ಆ ಪ್ರಶ್ನೆಯಿಂದ ಏನೂ ಬಗೆಹರಿಯುವುದಿಲ್ಲ. ನಾನು ಹೇಳುವುದು ಬೇರೆ: ಈ ಎರಡರಲ್ಲಿ ಯಾವುದನ್ನು ಇನ್ನೆಲ್ಲಾದರೂ ಕೂರಿಸಬಹುದು ಅಂತ ನೋಡಿ.

ವಾಷಿಂಗ್ ಮಷಿನ್ ಹೊಂದಿಕೊಂಡು ಹೋಗುವ ಬಾಡಿಗೆದಾರ ಇದ್ದ ಹಾಗೆ. ಸುಮಾರು 60 ಸೆಂಟಿಮೀಟರ್ ಅಗಲ, 85 ಸೆಂಟಿಮೀಟರ್ ಎತ್ತರ. ಅಡುಗೆಮನೆ ಕಟ್ಟೆಯ ಕೆಳಗೆ ಕೂರುತ್ತದೆ, ಓಣಿಯ ಬೀರುವಿನಲ್ಲಿ ಕೂರುತ್ತದೆ, ಮುಚ್ಚಿದ ಬಾಲ್ಕನಿಯಲ್ಲೂ ಕೂರುತ್ತದೆ. ಒಂದು ನಲ್ಲಿ, ಒಂದು ಪ್ಲಗ್ಗು, ಎರಡು ಇಂಚಿನ ಒಂದು ಪೈಪು ಕೊಟ್ಟರೆ ಸಾಕು. ಟಾಯ್ಲೆಟ್ ಹಾಗಲ್ಲ. ಅದಕ್ಕೆ ಗೋಡೆ, ಬಾಗಿಲು, ಗಾಳಿ, ನಾಲ್ಕಿಂಚಿನ ಪೈಪು, ಮರ್ಯಾದೆ ಎಲ್ಲವೂ ಬೇಕು.

ಆದ್ದರಿಂದ ಐದಡಿ ಜಾಗಕ್ಕೆ ಕಿತ್ತಾಡುವ ಮುಂಚೆ ಒಂದು ಸಂಜೆ ಟೇಪು ಹಿಡಿದು ಮನೆಯಿಡೀ ಸುತ್ತಿ. ಅಗಲದಲ್ಲಿ 65, ಆಳದಲ್ಲಿ 75 ಸೆಂಟಿಮೀಟರ್ ಸಿಗುವ ಜಾಗ ಎಲ್ಲೆಲ್ಲಿದೆ ನೋಡಿ. ಮಷಿನ್‌ನ ಆಳ 60 ಅಂತ ಬರೆದಿದ್ದರೂ ಹಿಂದೆ ಪೈಪಿಗೆ ಇನ್ನೊಂದು ಹತ್ತು ಹದಿನೈದು ಸೆಂಟಿಮೀಟರ್ ಬೇಕಾಗುತ್ತದೆ. ಅಂಥ ಮೂಲೆ ಸಿಕ್ಕಿತಾ? ಅರ್ಧ ಜಗಳ ಅಲ್ಲೇ ಮುಗಿಯಿತು. ಮಷಿನ್ ಅಲ್ಲಿಗೆ, ಹೊಸ ಜಾಗ ಟಾಯ್ಲೆಟ್‌ಗೆ.

ಟಾಯ್ಲೆಟ್ ಪಕ್ಷದವರೂ ತಮ್ಮ ಕಡೆಯಿಂದ ಒಂದು ಲೆಕ್ಕ ಹಾಕಬೇಕು. ನಿಜವಾಗಿ ಕೊರತೆ ಇರುವುದು ಟಾಯ್ಲೆಟ್ಟಿನದ್ದಾ, ಇಲ್ಲ ಬಾಗಿಲಿನದ್ದಾ? ಒಂದೇ ಕೋಣೆಯಲ್ಲಿ ಸ್ನಾನ, ಕಮೋಡು, ಬೇಸಿನ್ ಮೂರೂ ಇದ್ದರೆ, ಒಬ್ಬರು ಹಲ್ಲುಜ್ಜುತ್ತಿದ್ದರೂ ಉಳಿದವರೆಲ್ಲ ಹೊರಗೆ. ಬಾತ್‌ರೂಮ್ ದೊಡ್ಡದಾಗಿದ್ದರೆ ಕಮೋಡಿಗೆ ಬೇರೆ ಗೋಡೆ, ಬೇರೆ ಬಾಗಿಲು ಮಾಡಿ, ಬೇಸಿನ್ನನ್ನು ಹೊರಗೆ ತಂದರೆ ಒಂದೇ ಹೊತ್ತಿಗೆ ಮೂರು ಜನ ಬಳಸಬಹುದು. ಪೈಪು ಅಲ್ಲೇ ಇರುತ್ತದೆ, ನೆಲ ಅಗೆಯುವ ಕೆಲಸ ಕಡಿಮೆ. ನನ್ನ ಅಕ್ಕ ಮಾಡಿದ್ದು ಇದನ್ನೇ. ಅವಳ ಬಾತ್‌ರೂಮ್ ಉದ್ದಕ್ಕೆ ರೈಲು ಡಬ್ಬಿಯ ಹಾಗಿತ್ತು. ನಡುವೆ ಒಂದು ಗೋಡೆ ಎದ್ದಿತು, ಬೆಳಗಿನ ಕ್ಯೂ ಮಾಯವಾಯಿತು. ಖಾಲಿ ಉಳಿದ ಸ್ಟೋರ್ ರೂಮಿಗೆ ಮಷಿನ್ ಬಂತು. ಅವಳಿಗೆ ಅದೇ ಸರಿಯಾದ ಉತ್ತರ.

ನಮ್ಮದು ಸಣ್ಣ ಬಾತ್‌ರೂಮು. ಅದರಲ್ಲಿ ಇನ್ನೊಂದು ಗೋಡೆ ಎಬ್ಬಿಸಿದರೆ ಒಳಗೆ ಹೋದವರು ಅಡ್ಡಡ್ಡ ನಿಲ್ಲಬೇಕಿತ್ತು.

ಒಂದು ವಾರ ಎಣಿಸಿ

ಇಷ್ಟಾದ ಮೇಲೂ ತೀರ್ಮಾನ ಆಗದಿದ್ದರೆ ಫ್ರಿಜ್ಜಿನ ಮೇಲೆ ಒಂದು ಕಾಗದ ಅಂಟಿಸಿ, ಎರಡು ಕಾಲಂ ಹಾಕಿ. ಟಾಯ್ಲೆಟ್ ಖಾಲಿ ಇಲ್ಲದೆ ಯಾರಾದರೂ ಕಾದರೆ ಒಂದು ಕಡೆ ಗೆರೆ. ಬಟ್ಟೆಗೋಸ್ಕರ ಹೊರಗೋ ಕೆಳಗೋ ಹೋಗಿಬಂದರೆ ಇನ್ನೊಂದು ಕಡೆ ಗೆರೆ. ಏಳು ದಿನ. ವಾದ ಮಾಡುವ ಅಗತ್ಯವೇ ಬೀಳುವುದಿಲ್ಲ.

ಬಟ್ಟೆಯ ಲೆಕ್ಕ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಒಂದು ಸಲ ಮಷಿನ್ ಹಾಕಿದರೆ ಹೋಗಿಬರುವುದು ಒಂದು ಸಲ ಅಲ್ಲ. ಬಟ್ಟೆ ಹಾಕಲು ಒಮ್ಮೆ, ಮುಗಿಯಿತಾ ಅಂತ ನೋಡಲು ಒಮ್ಮೆ, ತೆಗೆಯಲು ಒಮ್ಮೆ. ವಾರಕ್ಕೆ ಐದು ಸಲ ಮಷಿನ್ ಹಾಕುವ ಮನೆಯಲ್ಲಿ ಹದಿನೈದು ಗೆರೆ ಸುಲಭವಾಗಿ ಬೀಳುತ್ತವೆ. ಭಾರದ ವಿಷಯವೂ ಇದೆ. ಐದು ಕಿಲೋ ಒಣ ಬಟ್ಟೆ ನಿಮಿಷಕ್ಕೆ 1200 ಸುತ್ತಿನಲ್ಲಿ ಹಿಂಡಿಸಿಕೊಂಡು ಬಂದರೂ ಎರಡೂವರೆ ಲೀಟರಿನಷ್ಟು ನೀರನ್ನು ಹೊತ್ತುಕೊಂಡೇ ಬರುತ್ತದೆ. ಅಂದರೆ ಮೆಟ್ಟಿಲು ಹತ್ತುವಾಗ ಕೈಯಲ್ಲಿ ಏಳೂವರೆ ಕಿಲೋ.

ಟಾಯ್ಲೆಟ್ ಕಾಲಂನಲ್ಲಿ ಗೆರೆ ಕಡಿಮೆ ಇರಬಹುದು. ಆದರೆ ಆ ಗೆರೆಗಳ ತೂಕ ಬೇರೆ. ಬಟ್ಟೆಗೆ ‘ನಾಳೆ ನೋಡೋಣ’ ಅನ್ನಬಹುದು. ಹೊಟ್ಟೆಗೆ ಹಾಗೆ ಅನ್ನಲು ಬರುವುದಿಲ್ಲ. ದೊಡ್ಡವರು ದಿನಕ್ಕೆ ಆರೇಳು ಸಲ ಮೂತ್ರಕ್ಕೆ ಹೋಗುವುದು ಸಾಮಾನ್ಯ, ವಯಸ್ಸಾದಂತೆ ರಾತ್ರಿಯೂ ಏಳಬೇಕಾಗುತ್ತದೆ. ಮನೆಯಲ್ಲಿ ಐದು ಜನ ಇದ್ದು ಒಬ್ಬರಿಗೆ ಹೊಟ್ಟೆ ಕೆಟ್ಟ ದಿನ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಾಗದದಲ್ಲಿ ಬಟ್ಟೆಗೆ ಹದಿನೆಂಟು ಗೆರೆ, ಟಾಯ್ಲೆಟ್‌ಗೆ ಒಂಬತ್ತು. ನಾನು ಗೆದ್ದೆ ಅಂತಲೇ ಅಂದುಕೊಂಡೆ. ಆಮೇಲೆ ನೋಡಿದರೆ ಒಂಬತ್ತರಲ್ಲಿ ನಾಲ್ಕು ಅಮ್ಮನವು, ನಾಲ್ಕೂ ರಾತ್ರಿಯ ಹೊತ್ತಿನವು. ಅವರ ಮಂಡಿ ನೋವಿಗೆ ಮಹಡಿ ಹತ್ತಿ ಹೋಗುವುದೇ ಒಂದು ಕೆಲಸ, ಹೋದ ಮೇಲೆ ಬಾಗಿಲು ಹಾಕಿರುತ್ತಿತ್ತು. ನಾನು ಮತ್ತೆ ಮಾತಾಡಲಿಲ್ಲ.

ಹಾಗಾಗಿ ಎಣಿಸುವಾಗ ಗೆರೆಯ ಪಕ್ಕ ಹೆಸರನ್ನೂ ಬರೆದಿಡಿ.

ನೆಲದ ಕೆಳಗೆ ಏನಿದೆ?

ಮನೆಯವರೆಲ್ಲ ಸೇರಿ ಮಾಡಿದ ತೀರ್ಮಾನವನ್ನು ಒಂದು ಪೈಪು ತಿರುಗಿಸಿ ಹಾಕಬಹುದು. ಟೈಲ್ಸ್ ಬಣ್ಣ ಆರಿಸುವ ಮುಂಚೆ ಪ್ಲಂಬರನ್ನು ಕರೆಸಿ, ಕೊಳಚೆ ನೀರಿನ ದೊಡ್ಡ ಪೈಪು ಎಲ್ಲಿದೆ, ಎಷ್ಟು ಆಳದಲ್ಲಿದೆ ಅಂತ ಕೇಳಿ.

ಕಮೋಡಿಗೂ ಮಷಿನ್‌ಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಮಷಿನ್ ಒಳಗೆ ಪಂಪ್ ಇದೆ. ಅದು ನೀರನ್ನು ಮೂರಡಿ ಮೇಲಕ್ಕೆ ತಾನೇ ತಳ್ಳುತ್ತದೆ. ಕಮೋಡಿಗೆ ಇಳಿಜಾರು ಬಿಟ್ಟರೆ ಗತಿ ಇಲ್ಲ. ಗಾರೆಯವರು ‘ವಾಟ’ ಅನ್ನುತ್ತಾರಲ್ಲ, ಅದು ಸರಿಯಾಗಿ ಸಿಕ್ಕಬೇಕು. ಸಾಮಾನ್ಯ ಲೆಕ್ಕ ಅಡಿಗೆ ಕಾಲು ಇಂಚು, ಅಂದರೆ ಹತ್ತು ಅಡಿಗೆ ಎರಡೂವರೆ ಇಂಚು. ದೊಡ್ಡ ಪೈಪು ಇಪ್ಪತ್ತು ಅಡಿ ದೂರ ಇದ್ದರೆ ವಾಟಕ್ಕೇ ಐದು ಇಂಚು ಹೋಯಿತು. ಪೈಪಿನ ದಪ್ಪ ನಾಲ್ಕು ಇಂಚು. ಒಟ್ಟು ಒಂಬತ್ತು ಇಂಚು ಆಳ ನೆಲದ ಕೆಳಗೆ ಸಿಗಬೇಕು. ನೆಲಮಹಡಿಯಲ್ಲಿ ಅಗೆದರೆ ಸಿಗುತ್ತದೆ. ಮೇಲಿನ ಮಹಡಿಯಲ್ಲಿ ಕಾಂಕ್ರೀಟ್ ಸ್ಲ್ಯಾಬ್ ಇದ್ದರೆ? ಒಂದೋ ಟಾಯ್ಲೆಟ್ ನೆಲವನ್ನು ಎತ್ತರಿಸಿ ಒಳಗೆ ಹೋಗಲು ಮೆಟ್ಟಿಲು ಮಾಡಬೇಕು, ಇಲ್ಲ ಕೆಳಗಿನ ಕೋಣೆಯ ಛಾವಣಿಯಲ್ಲಿ ಪೈಪು ನೇತಾಡಬೇಕು. ಎರಡೂ ಚೆನ್ನಾಗಿರುವುದಿಲ್ಲ. ಮುದುಕರಿರುವ ಮನೆಯಲ್ಲಂತೂ ಟಾಯ್ಲೆಟ್ ಬಾಗಿಲಲ್ಲಿ ಆರಿಂಚಿನ ಮೆಟ್ಟಿಲು ಬೇಡವೇ ಬೇಡ.

ಹಳೇ ಬಾತ್‌ರೂಮಿನ ಗೋಡೆಗೆ ಬೆನ್ನು ಕೊಟ್ಟಿರುವ ಜಾಗವಾದರೆ ಟಾಯ್ಲೆಟ್ ಸುಲಭ. ನೇರ ಮೇಲೆಯೋ ನೇರ ಕೆಳಗೋ ಇದ್ದರೂ ಸುಲಭ. ಮನೆಯ ಇನ್ನೊಂದು ತುದಿಯಲ್ಲಿದ್ದರೆ ನಾನಾಗಿದ್ದರೆ ಮಷಿನ್ ಪಕ್ಷಕ್ಕೆ ವಾಲುತ್ತೇನೆ.

ವಾಟ ಸಿಗದ ಕಡೆ ಅರೆದು ತಳ್ಳುವ ಪಂಪ್ ಇರುವ ಕಮೋಡೂ ಉಂಟು. ಕಮೋಡಿನ ಹಿಂದೆ ಒಂದು ಡಬ್ಬ, ಒಳಗೆ ಬ್ಲೇಡು, ಒಂದೂಕಾಲು ಇಂಚಿನಷ್ಟು ಸಣ್ಣ ಪೈಪಿನಲ್ಲಿ ಮೇಲಕ್ಕೇ ತಳ್ಳುತ್ತದೆ. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಪ್ರತಿ ಸಲ ಫ್ಲಶ್ ಮಾಡಿದಾಗ ಮಿಕ್ಸಿ ಓಡಿದ ಹಾಗೆ ಸದ್ದು. ಕರೆಂಟ್ ಹೋದರೆ ಬಂದ್. ಬಟ್ಟೆ ಚೂರೋ ಪ್ಯಾಡೋ ಬಿದ್ದರೆ ಬಿಚ್ಚಿ ಕೈ ಹಾಕಬೇಕು. ಬೇರೆ ದಾರಿಯೇ ಇಲ್ಲದವರಿಗೆ ಸರಿ.

ಇನ್ನು ಮಷಿನ್ ನೀರು ಹೋಗುವ ಪೈಪು. ‘ಬೇಸಿನ್ ಪೈಪಿಗೇ ಸೇರಿಸಿಬಿಡೋಣ’ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ನಾವು ಮುಂಚೆ ಇದ್ದ ಮನೆಯಲ್ಲಿ ಒಬ್ಬ ಪ್ಲಂಬರ್ ಹಾಗೇ ಮಾಡಿಕೊಟ್ಟಿದ್ದ. ಮೊದಲ ದಿನ ಮಷಿನ್ ನೀರು ಬಿಟ್ಟಿದ್ದೇ, ಪಕ್ಕದ ಬೇಸಿನ್ನಿನ ತೂತಿನಿಂದ ಗುಳುಗುಳು ಅಂತ ಬೂದು ಬಣ್ಣದ ನೊರೆ ಮೇಲೆ ಬಂತು. ಸೋಪಿನ ಡಬ್ಬಿ ತೇಲುತ್ತಿತ್ತು. ಬೇಸಿನ್ ಪೈಪು ಒಂದೂಕಾಲು ಇಂಚಿನದ್ದು, ಪಂಪ್ ರಭಸಕ್ಕೆ ಸಾಲುವುದಿಲ್ಲ. ಮಷಿನ್‌ಗೆ ಎರಡು ಇಂಚಿನ ಪ್ರತ್ಯೇಕ ನಿಲುವು ಪೈಪು, ಕೆಳಗೆ ಯು ಆಕಾರದ ಟ್ರ್ಯಾಪ್ (ಒಳಗೆ ನಿಂತ ನೀರಿನಿಂದ ವಾಸನೆ ತಡೆಯುವ ಬಾಗು) ಬೇಕು. ಮಷಿನ್‌ನ ಕೊಳವೆಯನ್ನು ಆ ಪೈಪಿನ ಬಾಯಿಗೆ ಸುಮ್ನೆ ಇಳಿಬಿಡಬೇಕು, ಸುತ್ತ ಟೇಪು ಸುತ್ತಿ ಬಿಗಿ ಮಾಡಬಾರದು. ಗಾಳಿ ಆಡದಿದ್ದರೆ, ಇಲ್ಲ ಕೊಳವೆಯ ತುದಿ ತೀರಾ ಕೆಳಗಿದ್ದರೆ, ಒಳಗೆ ಬಂದ ನೀರು ಬಂದ ಹಾಗೇ ಹೊರಗೆ ಎಳೆದುಕೊಂಡು ಹೋಗುತ್ತದೆ. ಮಷಿನ್ ತುಂಬಿಸುತ್ತಲೇ ಇರುತ್ತದೆ, ಅದು ತುಂಬುವುದೇ ಇಲ್ಲ.

ನೀರಿನ ಒತ್ತಡದ ಮಾತು ಯಾರೂ ಎತ್ತುವುದಿಲ್ಲ, ಅದಕ್ಕೇ ಹೇಳುತ್ತೇನೆ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ಟ್ಯಾಂಕು ಮಷಿನ್‌ಗಿಂತ ಬರೀ ಮೂರು ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್. ಹಲವು ಮಷಿನ್‌ಗಳು ಕನಿಷ್ಠ 0.3ರಿಂದ 1 ಬಾರ್‌ವರೆಗೆ ಕೇಳುತ್ತವೆ. ಕಡಿಮೆ ಬಿದ್ದರೆ ಕೆಂಪು ದೀಪ ಹತ್ತಿಸಿಕೊಂಡು ಕೂರುತ್ತವೆ. ಕೊಳ್ಳುವ ಮುಂಚೆ ಕೈಪಿಡಿಯಲ್ಲಿ ಆ ಒಂದು ಸಾಲು ಓದಿ. ಕಮೋಡಿನ ಟ್ಯಾಂಕಿಗೆ ಈ ತಕರಾರು ಅಷ್ಟಾಗಿ ಇಲ್ಲ, ನಿಧಾನವಾಗಿಯಾದರೂ ತುಂಬಿಕೊಳ್ಳುತ್ತದೆ.

ಪೇಪರ್ ಹಾಸಿ ನೋಡಿ

ಕಾಗದದ ಮೇಲೆ ಎಲ್ಲವೂ ಹಿಡಿಸುತ್ತದೆ. ನಿಜವಾಗಿ ಹಿಡಿಸುತ್ತದಾ ಅಂತ ತಿಳಿಯಲು ನಾವು ಹಳೇ ದಿನಪತ್ರಿಕೆಗಳನ್ನು ಅಳತೆಗೆ ಕತ್ತರಿಸಿ ನೆಲಕ್ಕೆ ಹಾಸಿದೆವು. ಕಮೋಡಿಗೆ 15 ಇಂಚು ಅಗಲ, 28 ಇಂಚು ಉದ್ದ. ಅದರ ಮೇಲೆ ಒಂದು ಸ್ಟೂಲ್ ಇಟ್ಟು ಒಬ್ಬೊಬ್ಬರಾಗಿ ಕೂತೆವು. ಮನೆಯಲ್ಲಿ ಎಲ್ಲರಿಗಿಂತ ಉದ್ದ ಇರುವವರು ಕೂತಾಗ ಮಂಡಿ ಹೋಗಿ ಬಾಗಿಲಿಗೆ ತಾಗಿತು. ನಕ್ಕಿದ್ದೇ ನಕ್ಕಿದ್ದು, ಆದರೆ ಅದರಿಂದಲೇ ಬಾಗಿಲು ಹೊರಗೆ ತೆರೆಯುವಂತೆ ಮಾಡಿಸಿದೆವು.

ನೆನಪಿಡಬೇಕಾದ ಅಳತೆ ಎರಡೇ. ಕಮೋಡಿನ ನಡು ಗೆರೆಯಿಂದ ಪಕ್ಕದ ಗೋಡೆಗೆ ಕನಿಷ್ಠ 15 ಇಂಚು. ಕಮೋಡಿನ ಮುಂದೆ ಕನಿಷ್ಠ 21 ಇಂಚು ಖಾಲಿ, 30 ಇದ್ದರೆ ಆರಾಮ. ಇದರ ಪ್ರಕಾರ ಮೂರಡಿ ಅಗಲ, ಐದಾರು ಅಡಿ ಉದ್ದದಲ್ಲಿ ಪುಟ್ಟ ಟಾಯ್ಲೆಟ್ ಆಗುತ್ತದೆ. ಅದಕ್ಕಿಂತ ಚಿಕ್ಕದರಲ್ಲಿ ತುರುಕಬೇಡಿ. ಬಾಗಿಲು ಹೊರಗೆ ತೆರೆಯಲಿ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಒಳಗೆ ಯಾರಾದರೂ ತಲೆ ಸುತ್ತಿ ಬಾಗಿಲಿಗೆ ಅಡ್ಡ ಬಿದ್ದರೆ, ಒಳಗೆ ತೆರೆಯುವ ಬಾಗಿಲನ್ನು ತಳ್ಳಿ ತೆಗೆಯಲು ಆಗುವುದಿಲ್ಲ.

ಮೆಟ್ಟಿಲ ಕೆಳಗಿನ ಜಾಗವಾದರೆ ಎತ್ತರವನ್ನೂ ಅಳೆಯಿರಿ. ಕೂರಲು ಎತ್ತರ ಬೇಕಿಲ್ಲ, ನಿಜ. ಆದರೆ ಗಂಡಸರು ಕಮೋಡಿನ ಮುಂದೆ ನಿಲ್ಲುತ್ತಾರೆ, ಹೆಂಗಸರು ಎದ್ದು ನಿಂತು ಬಟ್ಟೆ ಸರಿ ಮಾಡಿಕೊಳ್ಳುತ್ತಾರೆ. ಕಮೋಡಿನ ಮುಂದೆ ಆರೂವರೆ ಅಡಿ ಎತ್ತರವಾದರೂ ಸಿಗದಿದ್ದರೆ ಆ ಜಾಗ ಮಷಿನ್‌ದ್ದೇ. ಮಷಿನ್‌ಗೆ ತಲೆ ಇಲ್ಲವಲ್ಲ. ಮುಂದಿನಿಂದ ಬಟ್ಟೆ ಹಾಕುವ ಮಷಿನ್ ಇಳಿಜಾರಿನ ಕೆಳಗೆ ಚೆನ್ನಾಗಿ ಹೊಂದುತ್ತದೆ. ಮೇಲಿನಿಂದ ಹಾಕುವುದಾದರೆ ಮುಚ್ಚಳ ಪೂರ್ತಿ ತೆರೆಯಲು ಎಷ್ಟು ಎತ್ತರ ಬೇಕು ಅಂತ ನೋಡಿಕೊಳ್ಳಿ.

ಟಾಯ್ಲೆಟ್ಟಿನ ಸದ್ದು, ಬಟ್ಟೆಯ ತೇವ

ಟಾಯ್ಲೆಟ್ ಊಟದ ಮೇಜಿಗೆ ಎದುರಾಗಿ ಬಂದರೆ ಎಷ್ಟು ಚೆನ್ನಾಗಿ ಕಟ್ಟಿದರೂ ಯಾರೂ ಹೋಗುವುದಿಲ್ಲ. ನೆಂಟರು ಬಂದಾಗಲಂತೂ ಕಷ್ಟ. ಒಂದು ತಿರುವು ದಾಟಿ ಹೋಗುವಂತಿದ್ದರೆ ಒಳ್ಳೆಯದು. ಅದು ಆಗದಿದ್ದರೆ ಗೋಡೆಯಾದರೂ ಗಟ್ಟಿ ಇರಲಿ. ಬರೀ ಬೋರ್ಡಿನ ಗೋಡೆಯಾದರೆ ನಡುವೆ ಸದ್ದು ಹೀರುವ ಉಣ್ಣೆಯಂಥ ಹೊದಿಕೆ ತುಂಬಿಸಿ. ಎಕ್ಸಾಸ್ಟ್ ಫ್ಯಾನ್ ಹೇಗೂ ಬೇಕೇ ಬೇಕು. ಅದರ ಗುಂಯ್ ಸದ್ದು ಬೇರೆ ಸದ್ದನ್ನು ಮುಚ್ಚುತ್ತದೆ ಅನ್ನುವುದು ಅದರ ಎರಡನೇ ಉಪಕಾರ. ಟಾಯ್ಲೆಟ್ ಬಗ್ಗೆ ಇಷ್ಟು ಸಾಕು.

ಬಟ್ಟೆ ಒಗೆಯುವುದನ್ನು ಒಳಗೆ ತರುವವರು ಮರೆಯುವುದು ಒಣಗಿಸುವ ವಿಷಯ. ಮಷಿನ್ ಒಳಗೆ ಬಂತು, ಸರಿ. ಬಟ್ಟೆ ಎಲ್ಲಿ ಒಣಗುತ್ತದೆ? ಮತ್ತೆ ಹೊರಗೇ ಒಯ್ಯಬೇಕಾದರೆ ಅರ್ಧ ಓಡಾಟ ಹಾಗೇ ಉಳಿಯಿತು. ಒಳಗೇ ಹರವಿದರೆ ಆಗಲೇ ಹೇಳಿದ ಎರಡೂವರೆ ಲೀಟರ್ ನೀರು ಕೋಣೆಯ ಗಾಳಿಗೆ ಸೇರುತ್ತದೆ. ಎಲ್ಲಿಗೂ ಹೋಗುವುದಿಲ್ಲ, ತಣ್ಣನೆಯ ಗೋಡೆ ಹುಡುಕಿ ಅಲ್ಲಿ ಕೂರುತ್ತದೆ. ಸ್ವಲ್ಪ ದಿನಕ್ಕೆ ಮೂಲೆಯಲ್ಲಿ ಕಪ್ಪು ಬೂಷ್ಟು. ಹಾಗಾಗಿ ಒಣಗಿಸುವ ದಾರಿಯನ್ನೂ ಸೇರಿಸಿ ಲೆಕ್ಕ ಹಾಕಿ: ಕಿಟಕಿ ಮತ್ತು ಎಕ್ಸಾಸ್ಟ್ ಫ್ಯಾನಾ, ಡ್ರೈಯರಾ?

ಡ್ರೈಯರ್ ಅಂದರೆ ಇನ್ನೊಂದು ಕವಲು. ಬಿಸಿ ಗಾಳಿಯನ್ನು ಹೊರಗೆ ಬಿಡುವ ಡ್ರೈಯರ್‌ಗೆ ನಾಲ್ಕಿಂಚಿನ ಲೋಹದ ಕೊಳವೆ ಹೊರಗೋಡೆವರೆಗೆ ಹೋಗಬೇಕು, ಆದಷ್ಟು ಗಿಡ್ಡ, ಆದಷ್ಟು ನೇರ. ತಿರುವಿದ್ದಲ್ಲೆಲ್ಲ ಬಟ್ಟೆಯ ಜುಂಗು ಕೂತು, ಕೊನೆಗೆ ಬೆಂಕಿ ಹತ್ತುವ ಅಪಾಯವಿದೆ. ಮನೆಯ ನಟ್ಟನಡುವಿನ ಜಾಗವಾದರೆ ಇದು ಬೇಡ. ಕೊಳವೆ ಬೇಡದ, ನೀರನ್ನು ಒಳಗೇ ಹಿಡಿದಿಡುವ ಹೀಟ್ ಪಂಪ್ ಡ್ರೈಯರ್ ತಗೊಳ್ಳಿ. ನಿಧಾನ, ಆದರೆ ಕರೆಂಟ್ ಕಡಿಮೆ ತಿನ್ನುತ್ತದೆ. ಒಗೆಯುವುದು, ಒಣಗಿಸುವುದು ಎರಡೂ ಒಂದರಲ್ಲೇ ಇರುವ ಮಷಿನ್ ಜಾಗ ಉಳಿಸುತ್ತದೆ, ನಿಜ. ಆದರೆ ಎಂಟು ಕಿಲೋ ಒಗೆಯುವುದು ಐದು ಕಿಲೋ ಅಷ್ಟೇ ಒಣಗಿಸುತ್ತದೆ, ಅದಕ್ಕೂ ಗಂಟೆಗಟ್ಟಲೆ ಬೇಕು. ಇಬ್ಬರಿರುವ ಮನೆಗೆ ಸರಿ. ಐದು ಜನರ ಮನೆಗೆ ನನ್ನ ಓಟಿಲ್ಲ.

ಮಷಿನ್ ಮಹಡಿ ಮೇಲಿಡುತ್ತೀರಾ? ಒಂದು ಲೆಕ್ಕದಲ್ಲಿ ಅದೇ ಸರಿಯಾದ ಜಾಗ. ಬಟ್ಟೆ ಬಿಚ್ಚುವುದು, ಮಡಚಿಡುವುದು ಎಲ್ಲ ಮಲಗುವ ಕೋಣೆಯ ಹತ್ತಿರವೇ ತಾನೇ. ಆದರೆ ಮರದ ತೊಲೆಯ ನೆಲವಾದರೆ 1200 ಸುತ್ತು ತಿರುಗುವಾಗ ಇಡೀ ಮನೆಗೆ ಗೊತ್ತಾಗುತ್ತದೆ. ಎಪ್ಪತ್ತು ಕಿಲೋ ಮಷಿನ್, ಒಳಗೆ ಅಲುಗದಿರಲಿ ಅಂತ ಕಾಂಕ್ರೀಟ್ ತುಂಡು ಬೇರೆ ಇರುತ್ತದೆ. ರಸಮಟ್ಟ ಇಟ್ಟು ನಾಲ್ಕೂ ಕಾಲು ಸಮ ಮಾಡಿದರೆ ಅರ್ಧ ನಡುಕ ಹೋಗುತ್ತದೆ. ಹೊಸ ಮಷಿನ್‌ನ ಹಿಂದೆ ಸಾಗಾಟಕ್ಕೆ ಹಾಕಿರುವ ಬೋಲ್ಟುಗಳನ್ನು ತೆಗೆದಿದ್ದಾರಾ ನೋಡಿ. ತೆಗೆಯದೆ ಓಡಿಸಿದರೆ ಮಷಿನ್ ಕುಣಿಯುತ್ತಾ ಬಾಗಿಲವರೆಗೆ ನಡೆದು ಬರುತ್ತದೆ.

ಮೇಲ್ಮಹಡಿಯ ಇನ್ನೊಂದು ಭಯ ಸೋರಿಕೆ. ಮಷಿನ್‌ಗೆ ನೀರು ತರುವ ರಬ್ಬರ್ ಕೊಳವೆಯಲ್ಲಿ ನಲ್ಲಿ ತೆರೆದಿರುವಷ್ಟು ಹೊತ್ತೂ ಒತ್ತಡ ಇರುತ್ತದೆ. ಒಂದು ದಿನ ಒಡೆದರೆ ಕೆಳಗಿನ ಕೋಣೆಯ ಛಾವಣಿಗೆ ಗತಿಯಿಲ್ಲ. ಸ್ಟೀಲ್ ಹೆಣಿಗೆಯ ಕೊಳವೆ ಹಾಕಿಸಿ, ಐದು ವರ್ಷಕ್ಕೊಮ್ಮೆ ಬದಲಿಸಿ. ನಲ್ಲಿ ಕೈಗೆ ಸಿಗುವಲ್ಲಿ ಇರಲಿ, ಕೆಲಸ ಮುಗಿದ ಕೂಡಲೇ ತಿರುಗಿಸಿ ನಿಲ್ಲಿಸುವ ಅಭ್ಯಾಸ ಆಗಲಿ. ಮಷಿನ್ ಕೆಳಗೊಂದು ತಟ್ಟೆ, ತಟ್ಟೆಯಿಂದ ಹೊರಗೆ ಹೋಗುವ ಪೈಪು ಇದ್ದರೆ ಇನ್ನೂ ಒಳ್ಳೆಯದು.

ಎರಡೂ ಬೇಕೇ ಬೇಕು ಅಂದರೆ

ಜಾಗ ಐದಡಿಗೆ ಏಳೆಂಟು ಅಡಿ ಇದ್ದರೆ ಒಂದೇ ಕೋಣೆಯಲ್ಲಿ ಎರಡನ್ನೂ ಮಾಡಬಹುದು. ಸ್ನಾನದ ಕೋಣೆಯಲ್ಲಿ ಮಷಿನ್ ಇಡುವುದಕ್ಕಿಂತ ಇದು ವಾಸಿ. ಶವರಿನ ನೀರು ಪ್ಲಗ್ಗಿಗೆ ಸಿಡಿಯುವ ಮಾತೇ ಇಲ್ಲವಲ್ಲ. ಮಷಿನ್ ಮೇಲೆ ಡ್ರೈಯರ್ ಇಟ್ಟರೆ ನೆಲದಲ್ಲಿ ಎರಡಡಿಗೆ ಎರಡೂವರೆ ಅಡಿ ಸಾಕು, ಎತ್ತರ 170 ಸೆಂಟಿಮೀಟರ್ ಆಗುತ್ತದೆ. ಒಂದರ ಮೇಲೊಂದು ಇಡಲು ಅವಕ್ಕೆಂದೇ ಮಾಡಿದ ಕೂಡಿಸುವ ಪಟ್ಟಿ ಸಿಗುತ್ತದೆ, ಅದಿಲ್ಲದೆ ಸುಮ್ನೆ ಹೇರಬಾರದು. ವಾಷಿಂಗ್ ಮಷಿನ್‌ಗೆ ಬೇರೆ ಲೈನ್ ಎಳೆಸಿ. ನೀರು ಕಾಯಿಸುವಾಗ ಎರಡು ಸಾವಿರ ವ್ಯಾಟಿನಷ್ಟು ಎಳೆಯುತ್ತದೆ, ಅದೇ ಲೈನಿನಲ್ಲಿ ಇನ್ನೇನಾದರೂ ದೊಡ್ಡದು ಓಡಿದರೆ ಫ್ಯೂಸ್ ಹಾರುತ್ತದೆ. ಸೋರುವ ಕರೆಂಟನ್ನು ಹಿಡಿದು ಕಡಿದುಹಾಕುವ ಸುರಕ್ಷಾ ಸ್ವಿಚ್ಚೂ ಆ ಲೈನಿಗೆ ಬೇಕು.

ಇದರಲ್ಲಿ ಒಂದೇ ತೊಂದರೆ. ಮಷಿನ್ ಮುಗಿಯಿತು ಅಂತ ಕೂಗುವ ಹೊತ್ತಿಗೇ ಯಾರೋ ಒಳಗೆ ಕೂತಿರುತ್ತಾರೆ. ಕೊಳೆ ಬಟ್ಟೆಯ ಬುಟ್ಟಿಯ ಪಕ್ಕ ನೆಂಟರನ್ನು ಕಳಿಸುವುದೂ ಮುಜುಗರ.

ಅದಕ್ಕಿಂತ ನನಗೆ ಇಷ್ಟವಾಗುವುದು ಬೆನ್ನಿಗೆ ಬೆನ್ನು ಕೊಡುವ ಉಪಾಯ. ನಡುವೆ ಒಂದು ಗೋಡೆ. ಆ ಕಡೆ ಟಾಯ್ಲೆಟ್, ಈ ಕಡೆ ಓಣಿಗೆ ಬಾಗಿಲಿರುವ ಬೀರು, ಅದರೊಳಗೆ ಮಷಿನ್. ಬೀರುವಿನ ಆಳ ಎರಡೂವರೆ ಅಡಿ ಇದ್ದರೆ ಸಾಕು. ನೀರಿನ ಪೈಪು, ಕೊಳಚೆ ಪೈಪು, ಕೊಳಚೆ ಪೈಪಿನ ಗಾಳಿಯನ್ನು ಹೊರಗೆ ಬಿಡುವ ಗಾಳಿ ಪೈಪು ಎಲ್ಲ ಅದೇ ಗೋಡೆಯಲ್ಲಿ. ಪ್ಲಂಬರಿಗೂ ಒಂದೇ ಕಡೆ ಕೆಲಸ. ಬೀರುವಿನ ಬಾಗಿಲಿಗೆ ಮಾತ್ರ ಗಾಳಿಯಾಡುವ ಪಟ್ಟಿಗಳಿರಲಿ, ಇಲ್ಲದಿದ್ದರೆ ಮಷಿನ್ ಒಳಗೆ ಮುಗ್ಗಲು ವಾಸನೆ ಶುರುವಾಗುತ್ತದೆ.

ಈಗ ಒಂದು, ಮುಂದೆ ಇನ್ನೊಂದು

ಮಕ್ಕಳು ದೊಡ್ಡವರಾಗಿ ಹೊರಟರೆ ಬಟ್ಟೆ ಅರ್ಧಕ್ಕೆ ಇಳಿಯುತ್ತದೆ. ದೊಡ್ಡವರಿಗೆ ಇನ್ನೂ ವಯಸ್ಸಾದರೆ ಕೆಳಗೊಂದು ಟಾಯ್ಲೆಟ್ ಇಲ್ಲದೆ ನಡೆಯುವುದಿಲ್ಲ. ಮನೆ ಮಾರುವ ದಿನವೂ ಬರಬಹುದು. ಮಷಿನ್ ನಿಮ್ಮ ಜೊತೆ ಲಾರಿ ಹತ್ತುತ್ತದೆ, ಟಾಯ್ಲೆಟ್ ಮನೆಯಲ್ಲೇ ಉಳಿಯುತ್ತದೆ. ನೋಡಲು ಬಂದವರು ಟಾಯ್ಲೆಟ್ ಎಷ್ಟಿದೆ ಅಂತ ಎಣಿಸುತ್ತಾರೆ. ‘ಮಷಿನ್ ಎಲ್ಲಿಡೋಣ’ ಅಂತ ಅವರೇ ಒಂದು ಮೂಲೆ ಹುಡುಕಿಕೊಳ್ಳುತ್ತಾರೆ.

ಅದಕ್ಕೇ ಈಗ ಬಟ್ಟೆ ಒಗೆಯುವ ಕೋಣೆಯನ್ನೇ ಆರಿಸಿದವರಿಗೂ ಒಂದು ಮಾತು. ನೆಲ ಹೇಗೂ ಅಗೆಯುತ್ತೀರಿ. ಎರಡಿಂಚಿನ ಪೈಪಿನ ಬದಲು ಅಲ್ಲಿವರೆಗೆ ನಾಲ್ಕಿಂಚಿನದ್ದೇ ಎಳೆಸಿ, ಸರಿಯಾದ ವಾಟ ಕೊಡಿಸಿ, ಗಾಳಿ ಪೈಪು ಸೇರಿಸಿ. ಅದರ ಒಂದು ಕವಲಿಗೆ ಮಷಿನ್‌ನ ಎರಡಿಂಚಿನ ಪೈಪು ಬಂದು ಸೇರಲಿ. ಕಮೋಡು ಬರಬಹುದಾದ ಕಡೆ ಬಾಯಿಗೆ ಬಿಗಿಯಾಗಿ ಮುಚ್ಚಳ ಹಾಕಿಸಿ, ವಾಸನೆ ಬರಬಾರದು. ದೊಡ್ಡ ಪೈಪಿನಲ್ಲಿ ಬಟ್ಟೆಯ ನೀರು ಹೋಗುತ್ತದೆ. ಸಣ್ಣ ಪೈಪಿನಲ್ಲಿ ಕಮೋಡಿನದ್ದು ಹೋಗುವುದಿಲ್ಲ. ಟಾಯ್ಲೆಟ್ ಆರಿಸಿದವರು ಇದೇ ರೀತಿ ಒಂದು ನಲ್ಲಿಯ ಪಾಯಿಂಟು, ಒಂದು ಪ್ಲಗ್ಗಿನ ಪಾಯಿಂಟು ಬಿಟ್ಟಿರಲಿ.

ನಾವು ಹಾಗೇ ಬಿಟ್ಟಿದ್ದೇವೆ. ಹೊಸ ಟಾಯ್ಲೆಟ್ಟಿನ ಹೊರಗೋಡೆಯಲ್ಲಿ, ಓಣಿಯ ಕಡೆ, ಒಂದು ಮುಚ್ಚಿದ ನಲ್ಲಿ ಇದೆ. ಅದರ ಕೆಳಗೆ ಎರಡಿಂಚಿನ ಪೈಪಿಗೆ ಮುಚ್ಚಳ. ಮಷಿನ್ ಇನ್ನೂ ಶೆಡ್ಡಿನಲ್ಲೇ ಇದೆ, ನಾನು ಇನ್ನೂ ಹನ್ನೊಂದು ಮೆಟ್ಟಿಲು ಹತ್ತುತ್ತೇನೆ. ಓಣಿಯ ಹಳೇ ಪುಸ್ತಕದ ಕಪಾಟು ಖಾಲಿಯಾದ ದಿನ ಅದು ಒಳಗೆ ಬರುತ್ತದೆ. ಕಪಾಟಿನ ಅಳತೆ ತೆಗೆದಾಗಿದೆ: ಅಗಲ 68, ಆಳ 77.

ಒಂದು ಕೆಲಸ ಮರೆಯಬೇಡಿ. ಗೋಡೆಗೆ ಗಾರೆ ಮೆತ್ತುವ ಹಿಂದಿನ ದಿನ ಎಲ್ಲ ಪೈಪುಗಳ ಫೋಟೋ ತೆಗೆಯಿರಿ. ಬರೀ ಫೋಟೋ ಅಲ್ಲ, ನೆಲದಿಂದ ಮೇಲಕ್ಕೆ ಟೇಪು ಬಿಚ್ಚಿ ಹಿಡಿದು, ಅದರ ಅಂಕಿ ಕಾಣುವ ಹಾಗೆ. ಇನ್ನೊಂದು ಫೋಟೋ ಟೇಪನ್ನು ಮೂಲೆಯಿಂದ ಅಡ್ಡ ಹಿಡಿದು. ನಮ್ಮ ಮನೆಯಲ್ಲಿ ಟೇಪಿನ ಆ ತುದಿ ಹಿಡಿದಿದ್ದು ಅಮ್ಮ. ಫೋಟೋದಲ್ಲಿ ಅವರ ಬಳೆ, 43 ಸೆಂಟಿಮೀಟರ್ ಗುರುತು, ಪೈಪಿನ ಮುಚ್ಚಳ ಮೂರೂ ಸ್ಪಷ್ಟವಾಗಿ ಕಾಣುತ್ತವೆ.